ಒಂದರಿಂದ ಮೂರರವರೆಗೆ

ಬಲಕ್ಕೆ, ಈಗ ಮೇಲಕ್ಕೆ, ಈಗ ಕೆಳಕ್ಕೆ — ಮಗಳ ಪುಟ್ಟ ಅಂಗೈ ಗಾಳಿಯಲ್ಲಿ ತಿರುಗುತ್ತಿದೆ, ಇನ್ನೊಂದು ಅಂಗೈ ಎಡಗಣ್ಣಿನ ಮೇಲೆ ಮುಚ್ಚಳದ ಹಾಗೆ ಕೂತಿದೆ, ಗೋಡೆಯ ದೀಪದ ಪೆಟ್ಟಿಗೆಯಲ್ಲಿ ಇಂಗ್ಲಿಷಿನ E ಥರದ ಮೂರು ಕಾಲಿನ ಗುರುತುಗಳು ಸಾಲಿನಿಂದ ಸಾಲಿಗೆ ಸಣ್ಣದಾಗುತ್ತಿವೆ, ಕಾಲು ಯಾವ ಕಡೆಗಿದೆಯೋ ಆ ಕಡೆ ಕೈ ತೋರ್ಸು ಪುಟ್ಟಾ, ಐದು ವರ್ಷದವಳಿಗೆ ಇದೆಲ್ಲ ಆಟ, ಕಡ್ಡಿ ಹಿಡಿದು ನಿಂತ ತಾಯಿಗೆ ಮಾತ್ರ ಆಟವಲ್ಲ, ತಪ್ಪು ಹೇಳಲಿ, ದೇವರೇ, ಒಂದೇ ಒಂದು ತಪ್ಪು ಹೇಳಲಿ. ಈ ಕನ್ನಡಕದ ಅಂಗಡಿಯಲ್ಲಿ ಒಂಬತ್ತು ವರ್ಷ ಕಂಡವರ ಕಣ್ಣೆಲ್ಲ ನೋಡಿದವಳು ಹೆತ್ತ ಮಗಳ ಕಣ್ಣು ಮಂಜಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದಾಳೆ, ಥೂ, ಇಂಥ ತಾಯಿಯೂ ಇರುತ್ತಾಳೆಯೇ — ಹೊಸದಾಗಿ ಸೇರಿದ ಬಸುರಿ ಹುಡುಗಿ ಕೌಂಟರಿನಿಂದ ಇಣುಕುತ್ತಾಳೆ, ಅಕ್ಕಾ, ಪಾಪುಗೆ ಕಣ್ಣು ಸರಿಯಾಗಿ ಕಾಣಲ್ವಾ? ಹಾಗೇನಿಲ್ಲಮ್ಮ, ಸುಮ್ನೆ ಒಂದ್ಸಲ ನೋಡೋಣ ಅಂತ.

ಸುಮ್ನೆಯಂತೆ! ಹೋದ ವಾರ ಇದೇ ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ಅರ್ಧ ದಿನದ ಕೆಲಸದ ಗುಣಗಾನ ಮಾಡಿದ್ದು ಈ ಬಾಯಿಯೇ ಅಲ್ಲವೇ, ಹೆರಿಗೆ ಆದ್ಮೇಲೆ ನೀನೂ ಅರ್ಜಿ ಹಾಕು ಕಣೇ, ಬೆಳಿಗ್ಗೆ ನಾಲ್ಕು ಜನರ ಮುಖ ನೋಡ್ತೀಯ, ಮಧ್ಯಾಹ್ನ ಮಗು ಮುಖ ನೋಡ್ತೀಯ, ಅದಕ್ಕೂ ಬಿಸಿ ಊಟ, ಸಂಜೆ ಯಾರ ಮೇಲೂ ರೇಗಲ್ಲ — ರೇಗುವುದಿಲ್ಲ ಎಂಬುದಂತೂ ನೂರಕ್ಕೆ ನೂರು ನಿಜ, ಯಾಕೆ ಎಂಬುದನ್ನು ಮಾತ್ರ ನುಂಗಿಕೊಂಡಿದ್ದಳು. ಕೆಲಸ ಮುಗಿಯುವುದು ಒಂದು ಗಂಟೆಗೆ, ಮನೆಯಲ್ಲಿ ಒಂದಕ್ಕೇ ಮಗಳನ್ನು ಕರೆತರುತ್ತೇನೆ ಎಂದಿದ್ದಾಳೆ, ಡೇಕೇರಿನವರಿಗೆ ಮೂರರವರೆಗೆ ಕೆಲಸವಿದೆ ಎಂದಿದ್ದಾಳೆ, ನಡುವಿನ ಎರಡು ಗಂಟೆ ಅವಳ ಪಾಲಿಗೆ ಉಳಿಯಿತು, ಮೊದಲ ದಿನ ತಲೆನೋವೆಂದು, ಮರುದಿನ ಬಿಸಿಲೆಂದು, ಆಮೇಲೆ ನೆಪವೂ ಬೇಕಾಗಲಿಲ್ಲ, ಡೇಕೇರಿನ ಎದುರು ಬದಿಯ ಬೇಕರಿ, ಮೂಲೆಯ ಕುರ್ಚಿ, ಒಂದು ಕ್ರೀಮ್ ಬನ್, ಅಮ್ಮಾ ಎಂದು ಯಾರೂ ಕರೆಯದ ಎರಡು ಗಂಟೆ, ಎದುರಿಗೇ ಕೂತಿದ್ದರೆ ಬಿಟ್ಟುಹೋದ ಹಾಗಲ್ಲ ಎಂಬ ಸಮಾಧಾನ ಬೇರೆ. ಊರಲ್ಲಿರುವ ಅತ್ತೆ ನೆಂಟರ ಮುಂದೆಲ್ಲ ಹೊಗಳುತ್ತಾರೆ, ಮಗಳಿಗೋಸ್ಕರ ಕೆಲಸಾನೇ ಅರ್ಧ ಮಾಡ್ಕೊಂಡ್ಲು ನೋಡಿ, ಚಿನ್ನದಂಥ ಸೊಸೆ, ನಾಚಿಕೆಯಿಂದ ತಲೆ ತಗ್ಗಿಸಿದರೆ ಅದನ್ನೂ ವಿನಯ ಅಂದುಕೊಳ್ಳುತ್ತಾರೆ.

ಸೋಮವಾರ ಬನ್ ಕಚ್ಚಿ ತಲೆಯೆತ್ತಿದರೆ ಬೀದಿಯಾಚೆ, ಡೇಕೇರಿನ ಮಹಡಿಯ ಕಿಟಕಿಯಲ್ಲಿ ಅಂಗೈ, ಗಾಜಿಗೆ ಒತ್ತಿದ ಐದು ಬೆರಳು, ಅದರ ಹಿಂದೆ ಮಗಳ ಮುಖ — ಕೈಬೀಸಬಹುದಿತ್ತು, ಎದ್ದು ಓಡಬಹುದಿತ್ತು, ಅವಳು ತಿಂಡಿಪಟ್ಟಿಯನ್ನೆತ್ತಿ ಮುಖಕ್ಕೆ ಅಡ್ಡ ಹಿಡಿದಳು, ಹೆತ್ತ ಮಗಳಿಂದ ಕಳ್ಳಿಯ ಹಾಗೆ ಅವಿತು ಕೂತಳು, ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು, ಪಟ್ಟಿ ಇಳಿಸಿದಾಗ ಕಿಟಕಿ ಖಾಲಿ, ಗಾಜಿನ ಮೇಲೆ ಅಂಗೈಯ ಮಬ್ಬು ಗುರುತು ಮಾತ್ರ. ಮೂರಕ್ಕೆ ಹೋದಾಗ ಮಗಳು ಎಂದಿನ ಹಾಗೆ ಶೂ ಹಾಕಿಕೊಂಡು ಬೆರಳು ಹಿಡಿದು ಬಂದಳು, ಎಂದೂ ಕೇಳದ ಗಂಡ ಆ ಸಂಜೆಯೇ ಕೇಳಬೇಕೇ, ಮಧ್ಯಾಹ್ನ ಅಮ್ಮ ಏನು ತಿನ್ನಿಸಿದ್ಲು ಪುಟ್ಟಾ? ಬಿಸಿಬಿಸಿ ಊಟ ಅಪ್ಪಾ! ಬೆಳಿಗ್ಗೆ ಕಟ್ಟಿಕೊಟ್ಟ ಡಬ್ಬಿಯಲ್ಲಿ ಆರಿಹೋದದ್ದನ್ನು ತಿಂದ ಮಗು, ಯಾರು ಹೇಳಿಕೊಟ್ಟರು ಇದಕ್ಕೆ, ಗಂಟೆ ನೋಡಲೂ ಬಾರದ ಮಗುವಿಗೆ ಸುಳ್ಳು ಯಾರು ಕಲಿಸಿದರು, ಕಂಡಿತ್ತೇ, ಕಂಡಿರಲಿಲ್ಲವೇ, ಅಷ್ಟು ದೂರ, ಲಾರಿ ಬೇರೆ, ದೂರದ ದೃಷ್ಟಿ ಕಡಿಮೆಯಿದ್ದರೆ ಬೇಕರಿಯೇ ಕಾಣುತ್ತಿರಲಿಲ್ಲ — ಅದಕ್ಕೇ ಈ ಕಡ್ಡಿ, ಈ ದೀಪ, ಈ ಆಟ.

ಈಗ ಕೊನೆಯ ಸಾಲು, ದೊಡ್ಡವರೇ ತಡವರಿಸುವ ಸಾಲು, ಅಂಗೈ ಕೆಳಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ, ಮೇಲಕ್ಕೆ, ಬಲಕ್ಕೆ, ಒಂದೂ ತಪ್ಪಿಲ್ಲ. ಕಣ್ಣಿನಿಂದ ಕೈ ತೆಗೆದು ಮಗಳು ಹತ್ತಿರ ಬಂದಳು, ಕೌಂಟರಿನ ಹುಡುಗಿಗೆ ಕೇಳಿಸದ ಹಾಗೆ ಸಣ್ಣ ದನಿಯಲ್ಲಿ, ಅಮ್ಮಾ, ನಂಗೆ ದೂರದ್ದೆಲ್ಲಾ ಕಾಣತ್ತೆ, ಬೇಕರಿನೂ ಕಾಣತ್ತೆ, ನೀನು ಬನ್ ತಿಂತಿದ್ಯಲ್ಲ, ನಾನು ನೋಡ್ತಿದ್ರೆ ನೀನು ಅರ್ಧಕ್ಕೇ ಬಿಟ್ಟು ಬಂದ್ಬಿಡ್ತೀಯ ಅಂತ ಕಿಟಕಿಯಿಂದ ಇಳಿದ್ಬಿಟ್ಟೆ, ಪೂರ್ತಿ ತಿಂದ್ಯಾ? ತಿಂದಿದ್ದಳು, ಪಟ್ಟಿ ಇಳಿಸಿ, ಖಾಲಿ ಕಿಟಕಿ ನೋಡಿ, ಸದ್ಯ ಎಂದುಕೊಂಡು ಪೂರ್ತಿ ತಿಂದಿದ್ದಳು, ಬೆರಳಿಗೆ ಹತ್ತಿದ ಕ್ರೀಮನ್ನೂ — ಗಾಜು, ಗಾಜಿನ ಮೇಲೆ ಐದು ಬೆರಳು, ಐದು ಬೆರಳು.