ಕೆಂಪಯ್ಯನ ತೋಟಕ್ಕೆ ಮಂದೆ ಎಲ್ಲಿಂದ ಬರಬೇಕು?

"ನಮ್ಮೂರಲ್ಲಿ ಏನೈತೆ ಮಣ್ಣು!"

ಗ್ರಾಮಸಭೆ ಹತ್ತಿರ ಬಂದಾಗಲೆಲ್ಲ ಕೆಂಪಯ್ಯನ ಬಾಯಲ್ಲಿ ಬರುವ ಮೊದಲ ಮಾತು ಇದು. ರಸ್ತೆ ಇಲ್ಲ, ಬೀದಿದೀಪ ಇಲ್ಲ, ಕೊಬ್ಬರಿ ಇಡಲು ಗೋಡೌನ್ ಇಲ್ಲ. ಇಲ್ಲಗಳನ್ನು ಹೇಳುತ್ತ ನಿಂತರೆ ಅವನಿಗೆ ಊಟದ ನೆನಪೂ ಆಗುವುದಿಲ್ಲ. ಈ ಸಲದ ವಾರ್ಡ್ ಸಭೆಯಲ್ಲಿ ಒಂದು ದಾರಿಯನ್ನೂ ತೋರಿಸಿದ್ದ. ಊರಿಗೂ ಗೊಲ್ಲರಹಟ್ಟಿಗೂ ನಡುವೆ ಗೋಮಾಳ ಸುಮ್ಮನೆ ಬಿದ್ದಿದೆ, ಅದಷ್ಟಕ್ಕೂ ಬೇಲಿ ಹಾಕಿ ಗೋಡೌನ್ ಕಟ್ಟಿಸೋಣ, ಲಾರಿ ನಿಲ್ಲುವುದಕ್ಕೂ ಜಾಗ ಆಗುತ್ತದೆ ಎಂದಿದ್ದ. ಕೂತವರೆಲ್ಲ ತಲೆಯಾಡಿಸಿದ್ದರು. ಇನ್ನು ಗ್ರಾಮಸಭೆಯ ಒಪ್ಪಿಗೆಯೊಂದೇ ಬಾಕಿ.

ಗ್ರಾಮಸಭೆಯ ಹಿಂದಿನ ದಿನ ಬೆಳಗ್ಗೆ ಅರಳಿಕಟ್ಟೆಯ ಮುಂದೆ ಹೆಂಗಸರು ಸೇರಿದ್ದರು. ಸ್ತ್ರೀಶಕ್ತಿ ಸಂಘದ ಪ್ರತಿನಿಧಿ ಅನಿತಾ ನೆಲದ ಮೇಲೆ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯುತ್ತಿದ್ದಳು. ಅನಿತಾ ಬೇರೆ ಯಾರೂ ಅಲ್ಲ, ಕೆಂಪಯ್ಯನ ತಮ್ಮನ ಮಗಳು.

"ಇದೇನವ್ವ, ಹಬ್ಬ ಯಾವ್ದೂ ಇಲ್ವಲ್ಲ?" ಎಂದು ಕೆಂಪಯ್ಯ ರೇಗಿಸಿದ.

"ನಾಳೆ ಊರಿಗೆ ಏನ್ ಬೇಕು ಅಂತ ಕೇಳ್ತಾರಲ್ಲ ದೊಡ್ಡಪ್ಪ. ಅದಕ್ಕೂ ಮುಂಚೆ ಏನೈತೆ ಅಂತ ನೋಡ್ಕತಾ ಇದೀವಿ. ತೋಟ, ಕಟ್ಟೆ, ಡೈರಿ, ಕಾಯಿ ಸುಲಿಯೋರು, ಗರಿ ಹೆಣೆಯೋರು, ಎಲ್ಲಾನೂ."

"ಇರೋದ್ನ ನೋಡ್ಕಂಡು ಏನ್ ಮಾಡ್ತೀಯ? ಇಲ್ದೇ ಇರೋದ್ನ ಕೇಳಿದ್ರೆ ತಾನೇ ಸರ್ಕಾರ ಕೊಡೋದು?"

"ಇರೋದು ಗೊತ್ತಿಲ್ದೆ ಕೇಳಕ್ಕೋದ್ರೆ, ಇರೋದ್ನೂ ಕಳ್ಕತೀವಿ ದೊಡ್ಡಪ್ಪ."

ಕೆಂಪಯ್ಯ ನಕ್ಕ. ನಕ್ಷೆಯಲ್ಲಿ ಗೋಮಾಳದ ಸುತ್ತ ಗೆರೆ ಮಾತ್ರ ಇತ್ತು, ಒಳಗೆ ಏನೂ ಇರಲಿಲ್ಲ. "ಅಲ್ಲಿ ಜಾಲಿಮುಳ್ಳು ಬಿಟ್ರೆ ಏನೂ ಇಲ್ಲ ಕಣವ್ವ. ಗೋಡೌನ್ ಅಂತ ಬರಿ, ಮುಗೀತು."

"ಹಟ್ಟಿಯೋರು ಬರ್ಲಿ ತಡೀರಿ. ಅದು ಅವ್ರು ದಿನಾ ಓಡಾಡೋ ಜಾಗ."

ಹಟ್ಟಿಯ ಕರಿಯಕ್ಕ ಬರುತ್ತಿರುವುದು ಕಂಡು ಕೆಂಪಯ್ಯನ ಮುಖ ಅರಳಿತು. ಅವನಿಗೆ ಅವಳಿಂದ ಒಂದು ಕೆಲಸವಾಗಬೇಕಿತ್ತು. ತೆಂಗಿನ ತೋಟಕ್ಕೆ ಕುರಿಗೊಬ್ಬರ ಎಂದರೆ ನಮ್ಮ ಕಡೆಯವರು ಪ್ರಾಣ ಬಿಡುತ್ತಾರೆ. ಹಟ್ಟಿಯವರು ತಮ್ಮ ಕುರಿಗಳನ್ನು ರಾತ್ರಿ ತೋಟದಲ್ಲಿ ತಂಗಿಸುತ್ತಾರೆ, ಬೆಳಗಾಗುವಷ್ಟರಲ್ಲಿ ಮರಗಳ ಬುಡಕ್ಕೆ ಹಿಕ್ಕೆ ಬಿದ್ದಿರುತ್ತದೆ. ಇದಕ್ಕೆ ಮಂದೆ ಹಾಕಿಸುವುದು ಎನ್ನುತ್ತಾರೆ. ಕೆಂಪಯ್ಯನ ಅಪ್ಪನ ಕಾಲದಿಂದಲೂ ಅವರ ತೋಟಕ್ಕೆ ಕರಿಯಕ್ಕನ ಮನೆಯ ಮಂದೆಯೇ ಬರುತ್ತಿತ್ತು.

"ಕರಿಯಕ್ಕ, ಒಳ್ಳೆ ಟೈಮಿಗೆ ಬಂದೆ. ಈ ಸಲ ಮಂದೆ ಯಾವಾಗ ಕಳಿಸ್ತೀಯ? ಕೆಳಗಿನ ತೋಟದಿಂದ ಶುರು ಮಾಡ್ಸು."

ಕರಿಯಕ್ಕ ಅವನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳೇನೋ.

"ಯಾವ ಮಂದೆ ಅಣ್ಣಾ? ನಮ್ ಜುಂಜೇಶ ಕುರಿ ಮಾರಕ್ಕೆ ಯಾಪಾರದೋನ ಜೊತೆ ಮಾತಾಡವ್ನೆ. ನಾಳಿದ್ದು ಲಾರಿ ಬತ್ತೈತೆ."

"ಎಲ್ಲಾನೂವಾ?"

"ಮರಿ ಸಮೇತ."

"ಯಾಕೆ? ರೋಗಗೀಗ ಬಂತಾ?"

"ರೋಗ ಏನಿಲ್ಲ. ಗೋಮಾಳಕ್ಕೆ ಬೇಲಿ ಹಾಕ್ತಾರಂತಲ್ಲ. ಕುರಿ ಎಲ್ಲಿ ಮೇಯ್ಬೇಕು? ರಾತ್ರಿ ಮಂದೆ ಬೇಕು ಅಂತೀರಿ, ಹಗಲೊತ್ತು ನಿಮ್ ತೋಟದೊಳಕ್ಕೆ ಬುಟ್ಟೀರಾ?"

ಅರಳಿಕಟ್ಟೆಯ ಮೇಲೆ ಕೂತಿದ್ದ ಗಂಡಸರೂ ಇತ್ತ ತಿರುಗಿದರು. ಅವರಲ್ಲಿ ಅರ್ಧ ಜನ ಮಂದೆ ಹಾಕಿಸುವವರೇ. ಬೇಲಿಗೆ ತಲೆಯಾಡಿಸಿದವರೂ ಅವರೇ! ಗೋಮಾಳ ಬೇಡ, ಕುರಿ ಮಾತ್ರ ಬೇಕು ಎಂದರೆ ಕುರಿ ಗಾಳಿ ಕುಡಿದು ಬದುಕುತ್ತದೆಯೇ? ಒಬ್ಬರಿಗಾದರೂ ಇದು ಹೊಳೆದಿರಲಿಲ್ಲ.

"ಬೇಲಿ ಹಾಕ್ಸಣ ಅಂದೋನು ನಾನೇ ಕಣಕ್ಕ," ಎಂದ ಕೆಂಪಯ್ಯ.

"ಗೊತ್ತು. ನಮ್ಮನ್ನ ಯಾರೂ ಕೇಳ್ನಿಲ್ಲ."

ಅಷ್ಟು ಹೇಳಿ ಕರಿಯಕ್ಕ ಕೂತು ರಂಗೋಲಿ ಪುಡಿ ತೆಗೆದುಕೊಂಡು ಗೋಮಾಳದ ಗೆರೆಯೊಳಗೆ ಗುರುತು ಹಾಕತೊಡಗಿದಳು. ಕುರಿ ಮೇಯುವುದು ಇಲ್ಲಿ. ಹೊಂಗೆಬೀಜ ಆರಿಸುವುದು ಇಲ್ಲಿ. ಮಳೆನೀರು ನಿಲ್ಲುವ ಕಟ್ಟೆ ಇಲ್ಲಿ, ಕೆಂಪಯ್ಯನ ತೋಟದ ಮೇಲ್ಗಡೆಗೆ.

ಕಟ್ಟೆಯ ಗುರುತು ನೋಡಿ ಕೆಂಪಯ್ಯನ ಹೆಂಡತಿ ಲಕ್ಷ್ಮಿದೇವಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ರೀ, ಹೋದ ಬೇಸ್ಗೇಲಿ ಊರಿನ ಬೋರೆಲ್ಲ ನಿಂತೋದ್ರೂ ನಮ್ದು ಓಡ್ತಿತ್ತಲ್ರೀ, ಇಲ್ಲಿ ಇಂಗೋ ನೀರಿಂದಾನೇ! ಈ ಕಟ್ಟೆ ಮುಚ್ಚಿ ಲಾರಿ ನಿಲ್ಸಣ ಅಂತಿದ್ರಾ ನೀವು?"

ಕೆಂಪಯ್ಯ ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿದ. "ಅಯ್ಯೋ ಶಿವನೇ! ನನ್ ತೋಟಾನ ನಾನೇ ಒಣಗ್ಸಕ್ಕೆ ಹೊಂಟಿದ್ನಲ್ಲೇ!"

"ಗೋಡೌನ್ ಬ್ಯಾಡ ಅಂತಿಲ್ಲ ದೊಡ್ಡಪ್ಪ," ಎಂದಳು ಅನಿತಾ, ನಕ್ಷೆಯ ಇನ್ನೊಂದು ಮೂಲೆ ತೋರಿಸುತ್ತ. "ಹಳೇ ಸ್ಕೂಲ್ ಬಿಲ್ಡಿಂಗ್ ಬೀಗ ಹಾಕ್ಕಂಡು ಬಿದ್ದೈತಲ್ಲ. ಗೋಡೆ ಗಟ್ಟಿಯಾಗೈತೆ, ಲಾರಿ ಬರೋ ರಸ್ತೇನೂ ಐತೆ. ಅದ್ನ ರಿಪೇರಿ ಮಾಡ್ಸಿಕೊಡಿ ಅಂತ ಕೇಳಣ."

ಕೆಂಪಯ್ಯ ಚಪ್ಪಲಿಯನ್ನೂ ಮೆಟ್ಟದೆ ಹಟ್ಟಿಗೆ ಓಡಿದ. ಕರಿಯಕ್ಕನ ಮಗ ಜುಂಜೇಶ ಕುರಿಗಳ ಮಧ್ಯೆ ನಿಂತಿದ್ದ.

"ಮಾರ್ಬೇಡ ಕಣಪ್ಪ, ಬೇಲಿ ಹಾಕಕ್ಕೆ ಬಿಡಲ್ಲ."

"ಇಲ್ಲಿ ಹೇಳಿದ್ರೆ ಏನ್ ಬಂತು ಕೆಂಪಣ್ಣ? ಬೇಲಿ ಮಾತು ಎತ್ತಿದ್ದು ಸಭೇಲಿ. ಅಲ್ಲೇ ಹೇಳಿ, ಆಮೇಲೆ ನೋಡಣ."

ಮರುದಿನ ಗ್ರಾಮಸಭೆಗೆ ಹಟ್ಟಿಯವರೂ ಬಂದು ಹಿಂದೆ ನಿಂತರು. ಕೆಂಪಯ್ಯ ಎದ್ದು ನಿಂತ.

"ನಮ್ಮೂರಲ್ಲಿ ಏನೈತೆ..." ಎಂದು ಶುರು ಮಾಡಿದ. ಹಳೇ ಹಾಡು ಎಂದು ಒಂದಿಬ್ಬರು ನಕ್ಕರು. ಅವನು ಗಂಟಲು ಸರಿಮಾಡಿಕೊಂಡ. "ಏನೈತೆ ಅಂತ ನಾನು ಇಷ್ಟ್ ವರ್ಷ ನೋಡೇ ಇರ್ನಿಲ್ಲ ಕಣ್ರಪ್ಪ. ಗೋಮಾಳ ಖಾಲಿ ಇಲ್ಲ. ಅದಕ್ಕೆ ಬೇಲಿ ಬ್ಯಾಡ. ಗೋಡೌನ್ ಹಳೇ ಸ್ಕೂಲಲ್ಲಿ ಆಗ್ಲಿ."

ಕೈಗಳು ಮೇಲೆದ್ದವು. ಹಿಂದೆ ನಿಂತಿದ್ದ ಜುಂಜೇಶ ಫೋನ್ ತೆಗೆದು ಕುರಿ ವ್ಯಾಪಾರಿಗೆ ಕರೆ ಮಾಡಿದ. "ಅಣ್ಣಾ, ನಾಳೆ ಲಾರಿ ತರ್ಬೇಡ. ಕುರಿ ಮಾರಲ್ಲ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮೂರಿನಲ್ಲಿಯೂ ಗ್ರಾಮಸಭೆ ನಡೆಯುತ್ತದೆ. ಏನು ಬೇಕೆಂದು ಕೇಳುವ ಮೊದಲು ಎಲ್ಲರೂ ಸೇರಿ ನಿಮ್ಮಲ್ಲಿ ಏನಿದೆ ಎಂದು ಬರೆಯಿರಿ. ನೆಲ, ನೀರು, ಹಳೆಯ ಕಟ್ಟಡ, ಜನರ ಕೈಕಸುಬು, ಸಂಘ, ಒಂದನ್ನೂ ಬಿಡಬೇಡಿ. ಸಭೆಗೆ ಬಾರದವರನ್ನು ಮನೆಗೆ ಹೋಗಿ ಕರೆತನ್ನಿ. ಯಾವುದಾದರೂ ಜಾಗ ಖಾಲಿ ಎಂದು ಯಾರಾದರೂ ಹೇಳಿದರೆ, ದಿನವೂ ಅಲ್ಲಿ ಓಡಾಡುವವರನ್ನು ಕೇಳದೆ ಕೈ ಎತ್ತಬೇಡಿ. ಕೆಂಪಯ್ಯನಿಗೆ ಹಿಂದಿನ ದಿನವಾದರೂ ತಿಳಿಯಿತು. ನಿಮಗೆ ಲಾರಿ ಹೋದ ಮೇಲೆ ತಿಳಿಯುವುದು ಬೇಡ.