ಲಿಂಬೆಹಣ್ಣಿನ ರಿಪೇರಿ

ಟಿಕ್.

ರಾತ್ರಿಯ ಓವರ್‌ಟೈಮಿನ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಗ್ರೀಷ್ಮಾ ಮಾತ್ರ ತಲೆ ಎತ್ತಿದಳು. ಪುಂಜಾಲಕಟ್ಟೆಯಾಚೆಯ ಆ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುವ ಯಂತ್ರಗಳನ್ನೆಲ್ಲ ತಿರುಗಿಸುವ ಉದ್ದನೆಯ ಶಾಫ್ಟು ಹೆಂಗಸರ ತಲೆಯ ಮೇಲೇ ಹಾದುಹೋಗುತ್ತದೆ. ಅವಳು ಏಣಿ ಹತ್ತಿ, ಸ್ಕ್ರೂಡ್ರೈವರಿನ ತುದಿಯನ್ನು ಶಾಫ್ಟು ಹೊತ್ತ ಬೇರಿಂಗಿಗೂ ಹಿಡಿಯನ್ನು ಕಿವಿಗೂ ಒತ್ತಿ ಆಲಿಸಿದಳು. ಒಳಗೆ ಉಕ್ಕಿನ ಗುಂಡುಗಳು ಒಡೆಯತೊಡಗಿದ್ದವು. ಬೇರಿಂಗು ಕಚ್ಚಿಕೊಂಡರೆ ಶಾಫ್ಟು ತುಂಡಾಗಿ ಕೆಳಗೆ ಬೀಳುತ್ತದೆ. ಕೆಳಗೆ ಹಫ್ಸ ಕೂತಿದ್ದಳು, ಸೊನೆ ಹತ್ತಿ ಕಪ್ಪಾದ ಬೆರಳುಗಳಲ್ಲಿ ಯಂತ್ರಕ್ಕೆ ಬೀಜ ಒಡ್ಡುತ್ತ.

ಬೆಳಿಗ್ಗೆ ಗ್ರೀಷ್ಮಾ ಕಾರ್ಖಾನೆಯ ಧಣಿ ರವಿಶಂಕರರ ಎದುರು ನಿಂತಳು. ಆಡುವ ಮಾತನ್ನು ಮನಸ್ಸಿನಲ್ಲೇ ಎರಡೆರಡು ಬಾರಿ ತಿದ್ದಿಕೊಂಡಿದ್ದಳು.

"ಸರ್, ಅರ್ಧ ದಿನ ನಿಲ್ಲಿಸಿದರೆ ಬೇರಿಂಗ್ ಬದಲಿಸಬಹುದು."

"ದುಬೈ ಆರ್ಡರು ತಲೆ ಮೇಲೆ ಕೂತಿದೆ, ನಿಲ್ಲಿಸ್ಬೇಕಾ? ಎಂತ ಕಂಡಿತು ನಿನಗೆ ಅದರಲ್ಲಿ?"

"ಕಂಡದ್ದಲ್ಲ ಸರ್, ಕೇಳಿದ್ದು."

"ಹೋ! ಹುಕ್ರನ ಮಗಳು ಮೆಷಿನಿನ ನಾಡಿ ಹಿಡಿಯುವ ಡಾಕ್ಟ್ರು! ನಿನ್ನಪ್ಪ ನಮ್ಮ ಅಂಗಳದಲ್ಲಿ ಕೆಮ್ಮಲಿಕ್ಕೂ ಅಪ್ಪಣೆ ಕೇಳ್ತಿದ್ದ. ನೀನು ನನಗೆ ಬುದ್ಧಿ ಹೇಳ್ತೀಯಾ, ಬೇವರ್ಸಿ? ಗೇಟಿಗೆ ನಡಿ."

ಗೇಟು ಅವಳಿಗೆ ಸಿಕ್ಕ ಬಡ್ತಿ. ಕಳೆದ ಮಳೆಗಾಲ ಮೋಟರು ಸುಟ್ಟಾಗ ಧಣಿ ಜೋಯಿಸರನ್ನು ಕರೆಸಿ ಪ್ರಶ್ನೆ ಇಟ್ಟಿದ್ದರು. ಮುಟ್ಟಾದವಳು ಒಳಗೆ ಬಂದದ್ದೇ ಕಾರಣವೆಂದು ಕವಡೆ ಹೇಳಿತು. ಅಂದಿನಿಂದ ಒಳಬರುವ ಒಬ್ಬೊಬ್ಬಳನ್ನೂ ತಡೆದು ವಿಚಾರಿಸುವುದು ಗ್ರೀಷ್ಮಾಳ ಪಾಲಿಗೆ ಬಂತು. ಮೂಡುಬಿದಿರೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಯಂತ್ರ ಕೆಡದಂತೆ ನೋಡಿಕೊಳ್ಳುವ ಹುದ್ದೆಗೆ ಸೇರಿದವಳು ಅವಳು. ನೋಡಿಕೊಳ್ಳುತ್ತಿದ್ದಳು.

"ನಿನ್ನ ಕಿವಿಯನ್ನು ಧಣಿ ನಂಬುದಿಲ್ಲ ಮಾರಾಯ್ತಿ," ಗೇಟಿನಲ್ಲಿ ಹಫ್ಸ ನಕ್ಕಳು. "ಕವಡೆ ಹೇಳಿದ್ರೆ ಓಡ್ತಾರೆ. ಕಾಲೇಜಲ್ಲಿ ಕವಡೆ ಕಲಿಸ್ಲಿಲ್ವಾ?"

"ಇಲ್ಲ, ಸಿಲೆಬಸ್‌ನಲ್ಲಿ ಇರಲಿಲ್ಲ."

"ಹಾಗಾದ್ರೆ ಅಪ್ಪನ ದುಡ್ಡು ಹೊಳೆಗೆ."

ಗ್ರೀಷ್ಮಾಳಿಗೂ ನಗು ಬಂತು. ಸಂಜೆಯ ಹೊತ್ತಿಗೆ ಟಿಕ್ ಎನ್ನುತ್ತಿದ್ದದ್ದು ಟಕ್ ಎನ್ನತೊಡಗಿತು. ನಗು ನಿಂತಿತು.

ಓವರ್‌ಟೈಮು ಮುಗಿದು ಹೆಂಗಸರೆಲ್ಲ ಹೋದ ಮೇಲೆ ಅವಳು ಒಂದು ಲಿಂಬೆಹಣ್ಣು ಕೊಯ್ದು, ಕುಂಕುಮ ಮೆತ್ತಿ, ಕೋಳಿಯ ಪುಕ್ಕ ಸಿಕ್ಕಿಸಿ ಹಫ್ಸಳ ಸ್ಟೂಲಿನ ಪಕ್ಕದಲ್ಲಿಟ್ಟಳು. ಕೆಟ್ಟ ಬೇರಿಂಗಿನ ನೇರ ಕೆಳಗೇ ಇದೆಯೇ ಎಂದು ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು ನೋಡಿದಳು. ಕಲಿತದ್ದು ದಂಡವಾಗಬಾರದಲ್ಲ.

ಬೆಳಿಗ್ಗೆ ಅದನ್ನು ಕಂಡ ಧಣಿ ಚಪ್ಪಲಿ ಅಲ್ಲೇ ಬಿಟ್ಟು ಹಿಂದಕ್ಕೆ ಹಾರಿದರು.

"ಬಂದ್ ಮಾಡಿ! ಎಲ್ಲ ಬಂದ್! ಯಾರೋ ಮಾಟ ಮಾಡಿದ್ದಾರೆ! ಇದರ ನೇರ ಮೇಲೆ, ಆ ಬೇರಿಂಗಿನೊಳಗೆ ಮಂತ್ರದ ತಗಡು ತುರುಕಿರ್ತಾರೆ, ಬಿಚ್ಚಿ ನೋಡಾ ಫಯಾಝ್!"

ಫಿಟ್ಟರ್ ಫಯಾಝ್ ಏಣಿ ಹತ್ತಿ ಬಿಚ್ಚಿದ. ಒಡೆದ ಗುಂಡುಗಳು ಅವನ ಅಂಗೈಗೆ ಉದುರಿದವು.

"ನೋಡಿದ್ರಾ ಮಾಟದ ಪವರು! ಉಕ್ಕೇ ಪುಡಿ!" ಧಣಿ ಬೆವರು ಒರೆಸಿಕೊಂಡರು. "ಹೊಸದು ಹಾಕಾ. ಈಗಲೇ."

ಗ್ರೀಷ್ಮಾ ತನ್ನ ಬದುಕಿನ ಮೊದಲ ಸ್ವಂತ ರಿಪೇರಿಯನ್ನು ದೂರದಿಂದ ನೋಡಿದಳು. ಅವಳ ಕೈಯಲ್ಲಿ ಧಣಿಯ ಕಾಫಿಯ ಟ್ರೇ ಇತ್ತು.

ಆಮೇಲೆ ಧಣಿ ರಾತ್ರಿ ಕಾವಲಿಗಿದ್ದ ಅವಳಪ್ಪನತ್ತ ತಿರುಗಿದರು.

"ಏ ಹುಕ್ರ, ಈ ವಿದ್ಯೆಯೆಲ್ಲ ನಿಮ್ಮ ಜಾತಿಯವರದ್ದೇ. ಯಾರು ಇಟ್ಟದ್ದು, ಬೊಗಳು!"

"ನನಗೆ ನಿದ್ದೆ ಹೋಗಿತ್ತು ಧಣಿ," ಎಂದ ಹುಕ್ರಪ್ಪ. ಕಾವಲಿನಲ್ಲಿ ಅವನು ಕಣ್ಣು ಮುಚ್ಚಿದ್ದನ್ನು ಯಾರೂ ಕಂಡವರಿಲ್ಲ.

ಏಟು ಕೆನ್ನೆಗೆ ಬಿತ್ತು. ಗ್ರೀಷ್ಮಾ ಬಾಯಿ ತೆರೆದಳು. ಅಪ್ಪ ಅವಳನ್ನೇ ನೋಡುತ್ತ ಕೆಮ್ಮಿದ, ಯಾರ ಅಪ್ಪಣೆಯನ್ನೂ ಕೇಳದೆ. ಅವಳು ಬಾಯಿ ಮುಚ್ಚಿದಳು.

ಕೆಲವು ದಿನ ಶಾಫ್ಟು ಸದ್ದಿಲ್ಲದೆ ತಿರುಗಿತು. ಕೆಳಗೆ ಹಫ್ಸ ಎಂದಿನಂತೆ ಧಣಿಯನ್ನು ಅಣಕಿಸುತ್ತ ಬೀಜ ಒಡೆದಳು. ಆಮೇಲೊಂದು ದಿನ ಶಾಫ್ಟಿನ ಇನ್ನೊಂದು ತುದಿ ಟಿಕ್ ಎಂದಿತು.

ಗ್ರೀಷ್ಮಾ ಮನೆಯಲ್ಲಿ ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ಕಿವಿಯನ್ನೊಮ್ಮೆ ಉಜ್ಜಿಕೊಂಡಳು, ಅಷ್ಟೆ. ಮರುದಿನ ಬುತ್ತಿಚೀಲಕ್ಕೆ ಕೈ ಹಾಕಿದರೆ ಒಂದು ಲಿಂಬೆಹಣ್ಣು ಸಿಕ್ಕಿತು. ಅವಳು ಇಟ್ಟದ್ದಲ್ಲ. ಪಕ್ಕದಲ್ಲಿ ಕಾಗದದಲ್ಲಿ ಸುತ್ತಿದ ಪುಕ್ಕವೂ ಇತ್ತು.

ಅಂಗಳದಲ್ಲಿ ಅಪ್ಪ ಟಾರ್ಚಿಗೆ ಸೆಲ್ಲು ತುಂಬುತ್ತ, ಇತ್ತ ನೋಡದೆ ಹೇಳಿದ:

"ಇವತ್ತು ಸಹ ನಿದ್ದೆ ಬರುವ ಹಾಗೆ ಉಂಟು."

ಗ್ರೀಷ್ಮಾ ಚೀಲದ ಬಾಯಿ ಕಟ್ಟಿದಳು. ಆ ನಿದ್ದೆಯ ಗುಟ್ಟು ತನಗೆ ಗೊತ್ತಿರುವುದನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ಅಪ್ಪನಿಗೂ.