ಜಾಡಿಯೊಳಗಿನ ಮಣ್ಣು

ನನ್ನ ತಂಗಿಗೆ 'ಪ್ರೊಫೆಸರ್' ಎಂದು ಅಡ್ಡಹೆಸರಿಟ್ಟವರು ನನ್ನ ಗಂಡ. ಅವಳು ಪ್ರೊಫೆಸರ್ ಅಲ್ಲ, ಪ್ಲಾಸ್ಟಿಕ್ ಕೊಳೆಯುತ್ತದೋ ಇಲ್ಲವೋ ಎಂದು ಅಳೆಯುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ. ಜೋಳದಿಂದ ಮಾಡಿದ ಚಮಚ, ಚೀಲ, ಕುಂಡ, ಕಂಪನಿಯವರು ಏನು ಕಳಿಸಿದರೂ ಕೊಳೆಯಲು ಹಾಕಿ ಕಾಯುವುದೇ ಅವಳ ಉದ್ಯೋಗ. "ಅಷ್ಟೆಲ್ಲ ಓದಿ ಕೊನೆಗೆ ಕಸ ಕಾಯೋ ಕೆಲ್ಸ ಸಿಕ್ತಾ ಪ್ರೊಫೆಸರ್?" ಎಂದು ಇವರು ಕೆಣಕುವರು. ಅವಳು ಉರಿದುಬೀಳುವಳು. ನಾನು ಹೊಲಿಗೆ ಯಂತ್ರದ ಮುಂದೆ ಕೂತು ನಗುತ್ತಿದ್ದೆ. ಆಗೆಲ್ಲ ನಗು ಬರುತ್ತಿತ್ತು.

ಒಂದು ದಿನ ಅವಳು ಪರೀಕ್ಷೆ ಮಾಡಿ ಮಿಕ್ಕಿದ ಒಂದು ಕಂದು ಕುಂಡ ತಂದಳು. ಇವರು ಚಹಾಕ್ಕೆ ಹಿಂಡಿದ ನಿಂಬೆಯ ಬೀಜವನ್ನು ಅದರಲ್ಲಿ ಹೆಬ್ಬೆರಳಿಂದ ಒತ್ತಿ, ಅವಳ ಪ್ರಯೋಗಾಲಯದ ಕೋಟಿನ ಜೇಬಿನಲ್ಲಿದ್ದ ಮಾರ್ಕರ್ ಕಿತ್ತುಕೊಂಡು ಕುಂಡದ ಮೇಲೆ ಬರೆದರು: 'ನನ್ನ ಗಿಡ. ಮುಟ್ಟಿದರೆ ಹುಷಾರ್.'

ಗಿಡ ಮೊಳೆಯುವ ಮೊದಲೇ ಅವರು ಹೋದರು. ತಾವು ಓಡಿಸುತ್ತಿದ್ದ ಬಸ್ಸನ್ನು ರಸ್ತೆ ಪಕ್ಕಕ್ಕೆ ತಂದು, ಇಂಜಿನ್ ಆರಿಸಿ, ಸ್ಟೀರಿಂಗ್ ಮೇಲೆ ತಲೆಯಿಟ್ಟವರು ಮತ್ತೆ ಎತ್ತಲಿಲ್ಲ. ಡ್ರೈವರಿಗೆ ನಿದ್ದೆ ಎಂದು ಪ್ರಯಾಣಿಕರು ಗೊಣಗುತ್ತಿದ್ದರಂತೆ. ನಾನು ಊಟ ಬಿಟ್ಟು ಗೋಡೆ ನೋಡುತ್ತಿದ್ದ ದಿನಗಳಲ್ಲೇ ಕಿಟಕಿಯ ಮೇಲಿನ ಕುಂಡದಲ್ಲಿ ಆ ಬೀಜ ಒಡೆಯಿತು. ಮಕ್ಕಳಿಲ್ಲದ ಮನೆ ನಮ್ಮದು. ಇವರ ಕೈಯಿಂದಾದ ಜೀವ ಎಂದರೆ ನನಗೆ ಅದೊಂದೇ.

ಗಿಡ ಮೊಳದಷ್ಟಾದಾಗ ಹಿತ್ತಿಲಲ್ಲಿ ನೆಡಬೇಕೆಂದುಕೊಂಡೆ. ಕುಂಡದಿಂದ ಬಿಡಿಸಲು ಹೋದರೆ ತಂಗಿ ಕೈ ಹಿಡಿದಳು.

"ಬಿಡಿಸ್ಬೇಡ ಅಕ್ಕ, ಬೇರು ಹರಿಯುತ್ತೆ. ಕುಂಡದ ಸಮೇತ ಇಟ್ಬಿಡು. ಅದು ಮಣ್ಣಲ್ಲಿ ಮಣ್ಣಾಗಿ ಹೋಗುತ್ತೆ."

"ನಿಜ ತಾನೇ? ಇದೊಂದ್ರಲ್ಲಿ ತಮಾಷೆ ಬೇಡ ಕಣೇ."

"ಭಾವನ ಗಿಡದ ವಿಷ್ಯದಲ್ಲಿ ತಮಾಷೆ ಮಾಡ್ತೀನಾ? ಮಣ್ಣಲ್ಲಿ ಹಾಕಿ ನಾನೇ ಅಳೆದಿದೀನಿ. ಪೂರ್ತಿ ಹೋಯ್ತು."

ನಂಬಿದೆ. ಒಡಹುಟ್ಟಿದವಳನ್ನು ನಂಬದೆ ಇನ್ಯಾರನ್ನು ನಂಬಲಿ? ಕುಂಡದ ಸಮೇತ ನೆಟ್ಟೆ.

ಮೊದಲ ವರ್ಷ ಗಿಡ ಚೆನ್ನಾಗಿತ್ತು. ಆಮೇಲೆ ಬೆಳೆಯುವುದನ್ನೇ ಮರೆಯಿತು. ಎಲೆ ಹಳದಿಯಾಯಿತು. ಗೊಬ್ಬರ ಹಾಕಿದೆ, ನೀರು ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ, ಕೂತು ಮಾತೂ ಆಡಿಸಿದೆ. ಎರಡನೇ ಬೇಸಿಗೆಗೆ ಕಡ್ಡಿಯಾಯಿತು. ಅಗೆದು ತೆಗೆದರೆ ಕುಂಡ ಅಂಗಡಿಯಿಂದ ತಂದಂತೆ ಇತ್ತು. ಅದರೊಳಗೆ ಬೇರುಗಳು ಹೊರಗೆ ಹೋಗಲು ದಾರಿ ಕಾಣದೆ, ಬಾಬಿನ್ನಿಗೆ ನೂಲು ಸುತ್ತಿದ ಹಾಗೆ ಸುತ್ತಿ ಸುತ್ತಿ ತಮ್ಮನ್ನೇ ಬಿಗಿದುಕೊಂಡಿದ್ದವು. ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. ಅದನ್ನು ಹಾಗೇ ಚೀಲಕ್ಕೆ ತುಂಬಿ ಅವಳ ಪ್ರಯೋಗಾಲಯಕ್ಕೆ ಹೋದೆ.

ಬಿಳಿ ಕೋಟು ಹಾಕಿ ನಿಂತಿದ್ದವಳ ಮೇಜಿನ ಮೇಲೆ ಮಣ್ಣು ಮೆತ್ತಿದ ಕುಂಡ ಕುಕ್ಕಿದೆ.

"ತಗೋ, ಮಣ್ಣಾಗಿ ಹೋಗಿದ್ದು."

ಅವಳ ಮುಖ ಕಪ್ಪಿಟ್ಟಿತು. ಕುಂಡವನ್ನು ತಿರುಗಿಸಿ ನೋಡಿದಳು, ಬೇರು ಮುಟ್ಟಿದಳು. ಆಮೇಲೆ ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಬೀರು, ಒಳಗೆ ಸಾಲು ಜಾಡಿಗಳು, ಪ್ರತಿಯೊಂದಕ್ಕೂ ಎರಡು ನಳಿಗೆ.

"ಇದ್ರಲ್ಲೇ ಅಳೆದಿದ್ದು. ಒಂದು ನಳಿಗೆಯಿಂದ ಗಾಳಿ ಬಿಡ್ತೀವಿ. ಒಳಗಿರೋ ಸೂಕ್ಷ್ಮಜೀವಿಗಳು ಪ್ಲಾಸ್ಟಿಕ್ ತಿಂದು ಉಸಿರು ಬಿಡ್ತವೆ. ಆ ಉಸಿರಲ್ಲಿ ಕಾರ್ಬನ್ ಎಷ್ಟು ಬಂತು ಅಂತ ಇನ್ನೊಂದು ನಳಿಗೆಯಲ್ಲಿ ಅಳೀತೀವಿ. ಕುಂಡದಲ್ಲಿದ್ದ ಕಾರ್ಬನ್ ಹೆಚ್ಚುಕಮ್ಮಿ ಎಲ್ಲಾ ಉಸಿರಾಗಿ ಬಂತು ಅಕ್ಕ. ಸುಳ್ಳಲ್ಲ."

ಕೊನೆಯ ಜಾಡಿಗಳಲ್ಲಿ ಪ್ಲಾಸ್ಟಿಕ್ ಕಾಣಲಿಲ್ಲ. ಅದೇನೆಂದು ಕೇಳಿದೆ.

"ಅವು ಖಾಲಿ ಜಾಡಿ. ಬರೀ ಮಣ್ಣು. ಅದೂ ಉಸಿರಾಡುತ್ತಲ್ಲ, ಅದನ್ನ ಲೆಕ್ಕದಿಂದ ಕಳೀಬೇಕು."

ಏನೂ ಇಲ್ಲದೆಯೂ ಉಸಿರಾಡುವುದು ಹೇಗೆಂದು ನನಗೆ ಯಾರೂ ಕಲಿಸಬೇಕಿರಲಿಲ್ಲ. ಬೀರುವಿನ ಬಾಗಿಲು ತೆರೆದು ಒಂದು ಜಾಡಿಯನ್ನು ಮುಟ್ಟಿದೆ. ಕೈ ಚುರ್ ಎಂದಿತು.

"ಇದ್ಯಾಕೆ ಇಷ್ಟು ಬಿಸಿ?"

"ಐವತ್ತೆಂಟು ಡಿಗ್ರಿ. ದೊಡ್ಡ ಗೊಬ್ಬರದ ಕಾರ್ಖಾನೆಯ ರಾಶಿ ಒಳಗೆ ಅಷ್ಟೇ ಬಿಸಿ ಇರುತ್ತೆ. ಆ ಬಿಸಿಯಲ್ಲೇ ಇದು ಕೊಳೆಯೋದು."

"ಹಾಗಾದ್ರೆ ಇದು ಗೊಬ್ಬರ. ಮಣ್ಣು ಎಲ್ಲಿದೆ?"

ಅವಳು ತಲೆ ತಗ್ಗಿಸಿದಳು. "ನಾವಿಲ್ಲಿ ಎಲ್ರೂ ಇದಕ್ಕೇ ಮಣ್ಣು ಅಂತೀವಿ. ದಿನಾ ಅಂದೂ ಅಂದೂ ನಾಲಿಗೆಗೆ ಅದೇ ಬಂದ್ಬಿಟ್ಟಿದೆ. ನೀನು ಕೇಳಿದಾಗ ನನ್ ಕಣ್ಮುಂದೆ ಇದ್ದಿದ್ದು ಈ ಜಾಡಿ."

"ನನ್ ಕಣ್ಮುಂದೆ ಇದ್ದಿದ್ದು ಹಿತ್ತಿಲು!" ನಾನು ಕಿರುಚಿದೆ. ಆಚೆ ಮೇಜಿನವರು ತಿರುಗಿ ನೋಡಿದರು. ನೋಡಲಿ. "ಒಬ್ಬರ ಮೈ ಅಳೆದು ಇನ್ನೊಬ್ರಿಗೆ ಹೊಲಿದು ಕೊಟ್ರೆ ಗಿರಾಕಿ ನನ್ ಮುಖಕ್ಕೆ ಎಸೀತಾಳೆ. ನಿನ್ ಮುಖಕ್ಕೆ ಯಾರು ಎಸೀಬೇಕು? ಮಣ್ಣಂಗಟ್ಟಿ ವಿಜ್ಞಾನ!"

ಅವಳು ಅಳುತ್ತಿದ್ದಳು. ಭಾವ ಎಂದರೆ ಅವಳಿಗೂ ಪ್ರಾಣ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಸಿಟ್ಟು ಒಂದಿಷ್ಟೂ ಕಡಿಮೆಯಾಗಲಿಲ್ಲ.

ಮೂಗೊರೆಸಿಕೊಂಡು ಹೇಳಿದಳು: "ಕುಂಡದ ಒಂದು ತುಂಡು ಕತ್ತರಿಸ್ಕೊಳ್ಲಾ ಅಕ್ಕ? ಹಿತ್ತಿಲ ಮಣ್ಣಲ್ಲೇ, ತಣ್ಣಗೆ ಇಟ್ಟು ಅಳೀತೀನಿ. ಇನ್ನೊಬ್ರ ಗಿಡಕ್ಕೆ ಹೀಗಾಗಬಾರ್ದು."

ಕತ್ತರಿಸಿಕೋ ಎಂದೆ. ಸತ್ತ ಗಿಡದ ಗೋರಿ ಇಟ್ಟುಕೊಂಡು ನಾನೇನು ಮಾಡಲಿ?

ಅವಳು ತನ್ನ ಮೇಜಿಗೆ ಮರಳಿ, ಬೇರು ಬಿಡಿಸಿ ಪಕ್ಕಕ್ಕಿಟ್ಟು ಕುಂಡವನ್ನು ನಲ್ಲಿಯ ಕೆಳಗೆ ಹಿಡಿದಳು. ಮೆತ್ತಿದ ಮಣ್ಣು ಕರಗಿ ಹರಿಯಿತು. ಕತ್ತರಿ ಎತ್ತಿದವಳು ಹಾಗೇ ನಿಂತಳು. ಅವಳ ಭುಜದ ಮೇಲಿಂದ ಬಗ್ಗಿ ನೋಡಿದೆ. ಒಂದಕ್ಷರವೂ ಮಾಸಿರಲಿಲ್ಲ. 'ನನ್ನ ಗಿಡ. ಮುಟ್ಟಿದರೆ ಹುಷಾರ್.' ಕೊನೆಯ ಅಕ್ಷರದ ಬಾಲವನ್ನು ಉದ್ದಕ್ಕೆ ಎಳೆದಿದ್ದರು, ಅವಳನ್ನು ರೇಗಿಸಲಿಕ್ಕೆ.

"ನಮ್ಮ ಮಾರ್ಕರ್," ಎಂದಳು ತಂಗಿ. "ಅದು ಹೋಗಲ್ಲ." ಕತ್ತರಿ ಕೆಳಗಿಟ್ಟಳು.

ಕುಂಡವನ್ನು ಅವಳ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಒರೆಸಿದೆ. ಅವಳು ಹೇಳಿದಂತೆಯೇ ಆಗಿದ್ದರೆ, ಹಿತ್ತಿಲಲ್ಲಿ ಇಂದು ನಿಂಬೆಗಿಡ ಇರುತ್ತಿತ್ತು, ಇವರ ಅಕ್ಷರ ಮಣ್ಣುಪಾಲಾಗಿರುತ್ತಿತ್ತು. ಅದು ನನಗೆ ಅಲ್ಲೇ ಹೊಳೆಯಿತು. ಬಾಯಿಬಿಟ್ಟು ಹೇಳಿದ್ದರೆ ಅವಳ ಮನಸ್ಸು ಒಂದಿಷ್ಟು ಹಗುರವಾಗುತ್ತಿತ್ತು.

ಹೇಳಲಿಲ್ಲ. ಕುಂಡವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.